ಗದಗ–ಲಕ್ಕುಂಡಿ ಗುಡಿಗಳ ದಾರಿಗೆ ಯಾವ ವಿದ್ಯುತ್ ಗಾಡಿ? ಮೂರನ್ನೂ ಓಡಿಸಿ ನೋಡಿದ ಹೋಲಿಕೆ

ಗದಗ ಊರೊಳಗೆ ವೀರನಾರಾಯಣ, ತ್ರಿಕೂಟೇಶ್ವರ. ಅಲ್ಲಿಂದ ಹೊಸಪೇಟೆ ಹೆದ್ದಾರಿ ಹಿಡಿದು ಪೂರ್ವಕ್ಕೆ ಸುಮಾರು 12 ಕಿ.ಮೀ. ಹೋದರೆ ಲಕ್ಕುಂಡಿ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಕೆಲಸವನ್ನು ಗೈಡ್ ಇಲ್ಲದೆ, ಬೇಕಾದಲ್ಲಿ ನಿಂತು ನೋಡುತ್ತ ಹೋಗುವವರಿಗೆ ಇದು ಅರ್ಧ ದಿನದ ಒಳ್ಳೆಯ ದಾರಿ. ಪೆಡಲ್ ಇರುವ ಇ-ಸೈಕಲ್, ಲೈಸೆನ್ಸ್ ಬೇಡದ ನಿಧಾನದ ಇ-ಸ್ಕೂಟರ್, ನಂಬರ್ ಪ್ಲೇಟಿನ ದೊಡ್ಡ ಇ-ಸ್ಕೂಟರ್ ಮೂರನ್ನೂ ಇಲ್ಲಿ ಓಡಿಸಿ ನೋಡಿದ ಮೇಲೆ ಬಂದ ತೀರ್ಮಾನ ಇಷ್ಟು: ಲಕ್ಕುಂಡಿವರೆಗೆ ಇ-ಸೈಕಲ್ ಮೇಲು, ಗದಗದ ಆಗ್ನೇಯಕ್ಕಿರುವ ಡಂಬಳದ ಗುಡಿಯನ್ನೂ ಸೇರಿಸುವುದಾದರೆ ದೊಡ್ಡ ಸ್ಕೂಟರ್. ನಿಧಾನದ ಸ್ಕೂಟರನ್ನು ಈ ಹೆದ್ದಾರಿಗೆ ತರಲೇಬಾರದು.

ಕಾರಣ ತಿಳಿಯಬೇಕಾದರೆ ಬ್ಯಾಟರಿಗಿಂತ ಮೊದಲು ಗಾಳಿಯ ಲೆಕ್ಕ ಹಾಕಬೇಕು. ಗದಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಪಶ್ಚಿಮ ಮತ್ತು ನೈರುತ್ಯದ ಕಡೆಯಿಂದ ಬೀಸುತ್ತದೆ. ಲಕ್ಕುಂಡಿಗೆ ಹೋಗುವಾಗ ಅದು ಬೆನ್ನಿಗಿರುತ್ತದೆ, ಗಾಡಿ ತಾನಾಗಿ ಓಡಿದಂತೆ ಅನಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಎದುರಿನಿಂದ 15 ಕಿ.ಮೀ. ಗಾಳಿ ಇದ್ದರೆ ಮೈಗೆ ತಾಗುವುದು 35 ಕಿ.ಮೀ. ವೇಗದ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅದು ಗಾಳಿಯಿಲ್ಲದ ದಿನದ ಮೂರು ಪಟ್ಟಾಗುತ್ತದೆ. ಹೋಗುವಾಗ ಉಳಿದ ಚಾರ್ಜ್ ನೋಡಿ ‘ಬರುವುದಕ್ಕೂ ಸಾಕು’ ಅಂದುಕೊಂಡವರು ಅರ್ಧ ದಾರಿಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ನವೆಂಬರ್‌ನಿಂದ ಫೆಬ್ರುವರಿವರೆಗೆ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಆಗ ಕಷ್ಟವೆಲ್ಲ ಬ್ಯಾಟರಿ ತುಂಬಿರುವಾಗಲೇ ಮುಗಿದು, ದಣಿದು ಬರುವಾಗ ಗಾಳಿ ಹಿಂದಿನಿಂದ ನೂಕುತ್ತದೆ. ಈ ದಾರಿಗೆ ಚಳಿಗಾಲವೇ ಸರಿ.

ಇ-ಸೈಕಲ್

ಸಾಮಾನ್ಯವಾಗಿ ಸಿಗುವುದು 250 ವ್ಯಾಟ್‌ನ ಹಿಂಗಾಲಿ ಮೋಟರ್, 36 ವೋಲ್ಟ್ ಬ್ಯಾಟರಿ. ಕೊಳ್ಳುವಾಗಲಿ, ಬಾಡಿಗೆಗೆ ಹಿಡಿಯುವಾಗಲಿ ‘ಎಷ್ಟು ಕಿಲೋಮೀಟರ್ ಹೋಗುತ್ತದೆ’ ಎಂದು ಕೇಳಿ ಪ್ರಯೋಜನವಿಲ್ಲ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ ನೋಡಿ. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360 ವ್ಯಾಟ್-ಅವರ್. 7.5 ಇದ್ದರೆ 270 ಮಾತ್ರ.

ಮಳೆಗಾಲದ ಗಾಳಿ ಇಟ್ಟುಕೊಂಡೇ ಲೆಕ್ಕ ಮಾಡೋಣ. ಊರೊಳಗಿನ ಗುಡಿಗಳಿಗೆ 3 ಕಿ.ಮೀ., ಕಿಲೋಮೀಟರಿಗೆ 8ರಂತೆ 24 ವ್ಯಾಟ್-ಅವರ್. ಹಿಂಗಾಳಿಯಲ್ಲಿ ಲಕ್ಕುಂಡಿಗೆ 12 ಕಿ.ಮೀ., 6ರಂತೆ 72. ಲಕ್ಕುಂಡಿಯ ಓಣಿಗಳಲ್ಲಿ 2 ಕಿ.ಮೀ., 16. ಎದುರುಗಾಳಿಯಲ್ಲಿ ವಾಪಸ್ 12 ಕಿ.ಮೀ., 14ರಂತೆ 168. ಒಟ್ಟು 280. ಬ್ಯಾಟರಿಯ ತಳದ ಐದನೇ ಒಂದು ಪಾಲು, ಅಂದರೆ 72, ಮುಟ್ಟಬಾರದು. ಸೇರಿಸಿದರೆ 352. ಹತ್ತು ಆಂಪಿಯರ್-ಅವರ್ ಬ್ಯಾಟರಿಗೆ ಇದು ಸರಿಯಾಗಿ ಹೊಂದುತ್ತದೆ, ಏಳೂವರೆಯದಕ್ಕೆ ಹೊಂದುವುದಿಲ್ಲ. ನೆನಪಿಡಬೇಕಾದದ್ದು ಒಂದೇ ಅಂಕಿ: ಗದಗ ಮುಟ್ಟಲು ಲಕ್ಕುಂಡಿ ಬಿಡುವಾಗ ಮೂರರಲ್ಲಿ ಎರಡು ಪಾಲು ಚಾರ್ಜ್ ಉಳಿದಿರಬೇಕು. ಇದೂ ಪೆಡಲ್ ತುಳಿದರೆ ಮಾತ್ರ. ಥ್ರಾಟಲ್ ಒಂದನ್ನೇ ತಿರುವಿ ಕೂತರೆ ಗಾಳಿಯಿಲ್ಲದ ದಿನವೂ ಕಿಲೋಮೀಟರಿಗೆ 12ರಿಂದ 15 ಖರ್ಚಾಗುತ್ತದೆ. ಹೋಗುವಾಗ ಮೋಟರಿನ ಸಹಾಯದ ಮಟ್ಟ 1ರಲ್ಲಿ, ಬರುವಾಗ 3ರಲ್ಲಿ ಇಟ್ಟು, ಗೇರ್ ಒಂದು ಹೆಜ್ಜೆ ಇಳಿಸಿ ತುಳಿಯುವುದು ಸರಿಯಾದ ಕ್ರಮ.

ಹ್ಯಾಂಡಲ್ ಮೇಲೆ ಚಾರ್ಜ್ ತೋರಿಸುವ ಗೆರೆಗಳನ್ನು ನಂಬಬೇಡಿ. ಅವು ತೋರಿಸುವುದು ಆ ಕ್ಷಣದ ವೋಲ್ಟೇಜ್. ತುಂಬಿದಾಗ 42 ವೋಲ್ಟ್ ಇರುವ ಈ ಬ್ಯಾಟರಿ 30–31ಕ್ಕೆ ಇಳಿದರೆ ತಾನೇ ಬಂದ್ ಆಗುತ್ತದೆ. ಎದುರುಗಾಳಿಯಲ್ಲಿ ಮೋಟರ್ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಎರಡು ಗೆರೆ ಒಮ್ಮೆಲೇ ಮಾಯವಾಗುತ್ತವೆ, ನಿಂತರೆ ಮತ್ತೆ ಬರುತ್ತವೆ. ನಿಂತು ಎರಡು ನಿಮಿಷ ಕಳೆದ ಮೇಲೆ ಕಾಣುವುದೇ ನಿಜಕ್ಕೆ ಹತ್ತಿರ. ಎರಡು ಗೆರೆ ಇದ್ದೂ ಮೋಟರ್ ಬಂದ್ ಆದರೆ ಸಹಾಯವನ್ನು 1ಕ್ಕೆ ಇಳಿಸಿ ಮತ್ತೆ ಹಚ್ಚಿ. ಎಳೆತ ಕಡಿಮೆಯಾದರೆ ಇನ್ನೂ ಕೆಲವು ಕಿಲೋಮೀಟರ್ ಬರುತ್ತದೆ. ಅದೂ ಮುಗಿದರೆ ಪೆಡಲ್ ಇದೆ. ಇಪ್ಪತ್ತು ಕಿಲೋ ಮೀರಿದ ಸೈಕಲ್ಲನ್ನು ಎದುರುಗಾಳಿಯಲ್ಲಿ ತುಳಿಯುವುದು ಸುಖವಲ್ಲ, ಆದರೆ ಮನೆ ಮುಟ್ಟಬಹುದು. ಉಳಿದ ಎರಡು ಗಾಡಿಗಳಿಗೆ ಈ ದಾರಿಯೇ ಇಲ್ಲ.

ಮೋಟರ್ ಇದ್ದಕ್ಕಿದ್ದಂತೆ ಸುಮ್ಮನಾದರೆ ಬ್ಯಾಟರಿ ಬೈಯುವ ಮೊದಲು ಬ್ರೇಕ್ ಲಿವರ್ ನೋಡಿ. ಲಿವರಿನಲ್ಲಿ ಮೋಟರ್ ಕರೆಂಟ್ ಕಡಿಯುವ ಸ್ವಿಚ್ ಇರುತ್ತದೆ. ಧೂಳು ತುಂಬಿ ಲಿವರ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಮೋಟರಿಗೆ ಬ್ರೇಕ್ ಹಿಡಿದಂತೆಯೇ ತಿಳಿಯುತ್ತದೆ. ಬೆರಳಿನಿಂದ ಹೊರಕ್ಕೆ ತಳ್ಳಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ದೊಡ್ಡ ತೊಂದರೆ ಪಂಕ್ಚರ್. ಹೆದ್ದಾರಿಯ ಅಂಚಿಗೂ ಹಳ್ಳಿಯ ದಾರಿಗೂ ಜಾಲಿ ಮುಳ್ಳು ಬಿದ್ದಿರುತ್ತದೆ. ಮುಂಗಾಲಿಯಾದರೆ ಮಾಮೂಲಿ ಸೈಕಲ್ಲಿನಂತೆ. ಹಿಂಗಾಲಿಯಲ್ಲಿ ಮೋಟರ್ ಇರುವುದರಿಂದ ಗಾಲಿ ಬಿಚ್ಚಲು ಕೇಬಲ್ ಜೋಡಣೆ ಕಳಚಿ, ಆಕ್ಸಲ್ ನಟ್ ತೆಗೆದು, ಆಕ್ಸಲ್ ತಿರುಗದಂತೆ ತಡೆಯುವ ವಾಶರ್ ಯಾವ ಕಡೆ ಮುಖ ಮಾಡಿತ್ತೆಂದು ನೆನಪಿಡಬೇಕು. ಆ ವಾಶರ್ ತಪ್ಪಿ ಕೂತರೆ ಆಕ್ಸಲ್ ತಿರುಗಿ ಕೇಬಲ್ಲನ್ನೇ ಹರಿದುಹಾಕುತ್ತದೆ. ಆದ್ದರಿಂದ ಗಾಲಿ ಬಿಚ್ಚಲೇಬೇಡಿ. ಸೈಕಲ್ ಮಲಗಿಸಿ, ಟಯರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ, ಟ್ಯೂಬ್ ಹೊರಗೆಳೆದು ತೂತಿಗೆ ಪ್ಯಾಚ್ ಹಚ್ಚಿ ಒಳಗೆ ಹಾಕಿ. ಟಯರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ಮುಳ್ಳಿನ ತುದಿ ತೆಗೆಯದಿದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಮತ್ತೆ ತೂತು ಬೀಳುತ್ತದೆ. ಪ್ಯಾಚ್, ಸೊಲ್ಯೂಶನ್, ಎರಡು ಟಯರ್ ಲಿವರ್, ಕೈಪಂಪು, ಆಕ್ಸಲ್ ನಟ್‌ಗೆ ಹೊಂದುವ ಪಾನಾ (ಸಾಮಾನ್ಯವಾಗಿ 18ರದ್ದು) ಚೀಲದಲ್ಲಿ ಇರಲಿ.

ಮಳೆಯಾದ ಮರುದಿನ ಹೊಲದ ದಾರಿಗೆ ಇಳಿಯಬೇಡಿ. ಎರೆಮಣ್ಣು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಹತ್ತು ಮಾರಿನೊಳಗೆ ಗಾಲಿ ನಿಲ್ಲುತ್ತದೆ. ಗಾಲಿ ನಿಂತರೂ ಥ್ರಾಟಲ್ ತಿರುವುತ್ತ ಹೋದರೆ ಸುಡುವುದು ಮೋಟರ್ ಅಥವಾ ಕಂಟ್ರೋಲರ್.

ಇಷ್ಟೆಲ್ಲ ಹೇಳಿಯೂ ಇ-ಸೈಕಲ್ಲೇ ಮೇಲೆಂದದ್ದು ಲಕ್ಕುಂಡಿಯ ಗುಡಿಗಳು ಇರುವ ರೀತಿಯಿಂದಾಗಿ. ಅವು ಒಂದೇ ಆವರಣದಲ್ಲಿಲ್ಲ. ಮನೆಗಳ ನಡುವೆ, ಓಣಿಯ ತಿರುವಿನಲ್ಲಿ, ಹಿತ್ತಲಿನ ಆಚೆ ಹಂಚಿಕೊಂಡಿವೆ. ಕಾಶಿ ವಿಶ್ವೇಶ್ವರ, ಅದರೆದುರಿಗೇ ನನ್ನೇಶ್ವರ, ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಮತ್ತು ಅದರ ಮುಂದಿನ ಮುಸುಕಿನ ಬಾವಿ, ಹಾಲಗುಂಡ ಬಸವಣ್ಣ, ವಿರೂಪಾಕ್ಷ, ಕನ್ನೇರ ಬಾವಿ. ಒಂದರಿಂದ ಇನ್ನೊಂದಕ್ಕೆ ದೂರ ಅಷ್ಟೇನಿಲ್ಲ, ಆದರೆ ಮುಂದೆ ಹೋದವರು ‘ಅದೊಂದು ಬಾಗಿಲು ಮತ್ತೆ ನೋಡಬೇಕು’ ಎಂದು ಹಿಂದಿರುಗುವ ಊರು ಇದು. ಸೈಕಲ್ಲಾದರೆ ಓಣಿಯಲ್ಲಿ ಸದ್ದಿಲ್ಲದೆ ತಿರುಗಿಸಬಹುದು, ಬಾಗಿಲ ಮುಂದೆ ಕೂತ ಹಿರಿಯರನ್ನು ಎಬ್ಬಿಸದೆ ತಳ್ಳಿಕೊಂಡು ಹೋಗಬಹುದು.

ನೋಡುವ ಕ್ರಮವೂ ಇದೆ. ಮೊದಲು ಬ್ರಹ್ಮ ಜಿನಾಲಯ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಈ ಬಸದಿಗೆ 1007ರ ಶಾಸನವಿದೆ. ಮರಳುಗಲ್ಲು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ಬಂದ ಮೊದಮೊದಲ ಕಟ್ಟಡಗಳಲ್ಲಿ ಇದೊಂದು. ಹೊರಗೋಡೆ ಇನ್ನೂ ಮಿತವಾಗಿದೆ, ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹವಿದೆ. ಆಮೇಲೆ ಕಾಶಿ ವಿಶ್ವೇಶ್ವರಕ್ಕೆ ಬಂದರೆ ಅದೇ ಮೆತ್ತನೆಯ ಕಲ್ಲನ್ನು ಮುಂದಿನ ಶಿಲ್ಪಿಗಳು ಎಲ್ಲಿಗೆ ಒಯ್ದರೆಂದು ಬಾಗಿಲುವಾಡದ ಒಂದೊಂದು ಪಟ್ಟಿಕೆಯಲ್ಲೂ ಕಾಣುತ್ತದೆ. ಇಲ್ಲಿ ಶಿವನ ಗುಡಿ ಪೂರ್ವಕ್ಕೆ, ಎದುರಿನ ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿವೆ. ಕೆತ್ತನೆಯ ಆಳ ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ, ಅಂದರೆ ಬೆಳಿಗ್ಗೆ ಎಂಟರ ಒಳಗೆ. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಅದೇ ಗೋಡೆ ಚಪ್ಪಟೆ ಕಾಣುತ್ತದೆ. ಗಾಳಿಯೂ ಮುಂಜಾನೆ ಕಡಿಮೆ. ಆದ್ದರಿಂದ ಲಕ್ಕುಂಡಿ ಮೊದಲು, ಗದಗದ ಗುಡಿಗಳು ವಾಪಸ್ ಬಂದ ಮೇಲೆ.

ಸೈಕಲ್ಲನ್ನು ಗುಡಿಯ ಜಗತಿಗೆ, ಅಂದರೆ ಬುಡದ ಕಟ್ಟೆಗೆ, ಒರಗಿಸಬಾರದು. ಬಳಪದ ಕಲ್ಲಿಗೆ ಪೆಡಲಿನ ತುದಿ ತಾಗಿದರೂ ಗೀರು ಬೀಳುತ್ತದೆ, ಸಾವಿರ ವರ್ಷದ ಅಂಚು ಮತ್ತೆ ಬರುವುದಿಲ್ಲ. ಸ್ಟ್ಯಾಂಡ್ ಹಾಕಿ, ನೆಲ ಮೆತ್ತಗಿದ್ದರೆ ಅದರ ಕೆಳಗೆ ಹಲಗೆಯ ಚೂರು ಇಡಿ. ಬ್ಯಾಟರಿ ಬಿಸಿಲಿನಲ್ಲಿ ಬಿಡುವುದು ಬೇಡ, ಕಳಚಿ ಚೀಲದಲ್ಲಿ ಹಾಕಿಕೊಳ್ಳಿ.

ನಿಧಾನದ ಸ್ಕೂಟರ್

ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಇದರಿಂದಲೇ ಜನ ಇದರ ಕಡೆ ವಾಲುತ್ತಾರೆ. ಆದರೆ ಎದುರುಗಾಳಿಗೆ 250 ವ್ಯಾಟ್ ಸಾಲದು: ಗಾಡಿ, ಸವಾರ ಸೇರಿ 140 ಕಿಲೋ ಇದ್ದು 15 ಕಿ.ಮೀ. ಗಾಳಿ ಎದುರಿದ್ದರೆ 20 ಕಿ.ಮೀ. ವೇಗಕ್ಕೇ 300 ವ್ಯಾಟ್ ಮೀರಿ ಬೇಕಾಗುತ್ತದೆ. ಲಾರಿಗಳು ಭರ್ರನೆ ಹಾಯುವ ಹೆದ್ದಾರಿಯಲ್ಲಿ ತೆವಳುತ್ತ ಬರುವುದು ಅಪಾಯ. ಬ್ಯಾಟರಿ ಲೆಡ್ ಆಸಿಡ್ ಆಗಿದ್ದರೆ 48 ವೋಲ್ಟ್, 24 ಆಂಪಿಯರ್-ಅವರ್ ಎಂದು ಬರೆದಿದ್ದರೂ ಜೋರಾಗಿ ಎಳೆದಾಗ ಕೈಗೆ ಸಿಗುವುದು ಅದರ ಮುಕ್ಕಾಲಿಗಿಂತ ಕಡಿಮೆ, ಹಳತಾದಂತೆ ಇನ್ನೂ ಕಡಿಮೆ. ನಿಂತರೆ ತಳ್ಳುವುದೊಂದೇ ದಾರಿ.

ಇದು ಒಪ್ಪುವ ಜಾಗವೂ ಇದೆ. ಗದಗ–ಬೆಟಗೇರಿಯೊಳಗಿನ ಗುಡಿ, ವೀರಗಲ್ಲುಗಳ ಸುತ್ತಾಟಕ್ಕೆ, ಹುಬ್ಬಳ್ಳಿಯಲ್ಲಾದರೆ ಉಣಕಲ್ಲಿನ ಚಂದ್ರಮೌಳೇಶ್ವರಕ್ಕೆ ಧಾರಾಳವಾಗಿ ಸಾಕು. ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸಿನ ಪಥಕ್ಕೆ ಮಾತ್ರ ನುಗ್ಗಬಾರದು.

ದೊಡ್ಡ ಸ್ಕೂಟರ್

ಲೈಸೆನ್ಸ್, ಇನ್ಶೂರೆನ್ಸ್, ಹೆಲ್ಮೆಟ್ ಎಲ್ಲ ಬೇಕು. 40–45 ಕಿ.ಮೀ. ವೇಗದಲ್ಲಿ ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ಹಿಡಿದರೆ ಲಕ್ಕುಂಡಿಗೆ ಹೋಗಿಬರಲು ಒಂದು ಯೂನಿಟ್ಟೂ (1000 ವ್ಯಾಟ್-ಅವರ್) ಬೇಡ, 3 ಯೂನಿಟ್ ಬ್ಯಾಟರಿಯ ಮೂರನೇ ಒಂದು ಪಾಲಿನ ಒಳಗೇ ಮುಗಿಯುತ್ತದೆ. 60 ದಾಟಿಸಿದರೆ ಈ ಲೆಕ್ಕ ಕೆಡುತ್ತದೆ. ಗಾಳಿ ಇದನ್ನೂ ತಿನ್ನುತ್ತದೆ, ಆದರೆ ಉಳಿಕೆ ಇರುವುದರಿಂದ ಎದೆ ಡವಗುಟ್ಟುವುದಿಲ್ಲ. ಲಕ್ಕುಂಡಿಯ ಓಣಿಗಳಲ್ಲಿ ಇದನ್ನು ತಿರುಗಿಸುವುದು ತೊಡಕು. ಒಂದೇ ಕಡೆ ನಿಲ್ಲಿಸಿ ನಡೆಯಬೇಕು, ನಡೆದವರು ಬಿಸಿಲೇರಿದ ಮೇಲೆ ಕೊನೆಯ ಎರಡು ಗುಡಿಗಳನ್ನೂ ಬಾವಿಯನ್ನೂ ಬಿಟ್ಟುಬಿಡುತ್ತಾರೆ.

ಇದರ ಬೆಲೆ ತಿಳಿಯುವುದು ಡಂಬಳಕ್ಕೆ ಹೊರಟಾಗ. ಗದಗದಿಂದ ಆಗ್ನೇಯಕ್ಕೆ ಸುಮಾರು 21 ಕಿ.ಮೀ. ದೂರದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಮೈ 24 ಮೂಲೆಗಳ ನಕ್ಷತ್ರ. ಒಂದು ಸುತ್ತು ಬಂದರೆ ಎಲ್ಲಿಯೂ ಚಪ್ಪಟೆ ಗೋಡೆ ಸಿಗದು, ಪ್ರತಿ ಹೆಜ್ಜೆಗೂ ನೆರಳು ಮಡಚಿಕೊಳ್ಳುತ್ತದೆ. ಲಕ್ಕುಂಡಿ ನೋಡಿದ ದಿನವೇ ಇದನ್ನು ನೋಡಿದರೆ ಕಣ್ಣಿನಲ್ಲೇ ಹೋಲಿಕೆ ಆಗುತ್ತದೆ. ಲಕ್ಕುಂಡಿ ಹೋಗಿಬರಲು 24, ಡಂಬಳಕ್ಕೆ 42, ಒಟ್ಟು 66 ಕಿ.ಮೀ. ಅಂದರೆ ಸುಮಾರು ಎರಡು ಯೂನಿಟ್. ಬ್ಯಾಟರಿ ಎರಡು ಯೂನಿಟ್ಟಿನದಾದರೆ ಹೊರಡಬೇಡಿ, ಅಥವಾ ನಡುವೆ ಗದಗದಲ್ಲಿ ಊಟದ ಹೊತ್ತಿಗೆ ಚಾರ್ಜ್ ಹಾಕಿ. ಬಿಸಿಲಿನಲ್ಲಿ ಓಡಿ ಬಂದ ಗಾಡಿಗೆ ತಕ್ಷಣ ಚಾರ್ಜರ್ ಚುಚ್ಚದೆ, ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಡಿ. ಆ ಅರ್ಧ ಗಂಟೆ ತ್ರಿಕೂಟೇಶ್ವರಕ್ಕೆ ಕೊಡಬಹುದು: ಒಂದೇ ಪೀಠದ ಮೇಲೆ ಮೂರು ಲಿಂಗ, ಪಕ್ಕದ ಸರಸ್ವತಿ ಗುಡಿಯಲ್ಲಿ ಒಂದಕ್ಕಿಂತ ಒಂದು ಸೂಕ್ಷ್ಮವಾದ ಕಂಬಗಳು. ಈ ನೆರಳಿನ ಕಂಬಗಳಿಗೆ ಓರೆಬೆಳಕು ಬೇಕಿಲ್ಲ, ಕೈಯಲ್ಲೊಂದು ಸಣ್ಣ ಟಾರ್ಚ್ ಇದ್ದರೆ ಸಾಕು. ಬೆಳಕನ್ನು ಎದುರಿನಿಂದ ಅಲ್ಲ, ಬದಿಯಿಂದ ಹಿಡಿಯಿರಿ.