ಕಷ್ಟದ ವರ್ಷದಲ್ಲಿ ನಮ್ಮ ಅಂಗಡಿಯ ಲೆಕ್ಕ ಹಿಡಿದ ಆಡಿಟರ ಕಚೇರಿ

ಚಿತ್ರದುರ್ಗದಲ್ಲಿ ನಮ್ಮದೊಂದು ಪಾತ್ರೆ ಅಂಗಡಿಯಿದೆ. ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳ ಚಿಲ್ಲರೆ ಮಾರಾಟವೇ ಮುಖ್ಯ ವ್ಯಾಪಾರ; ಜೊತೆಗೆ ಊರಿನ ಕೆಲವು ಹೋಟೆಲುಗಳಿಗೆ ಕೊಳಗ, ಬೋಗುಣಿ, ಇಡ್ಲಿ ಪಾತ್ರೆಗಳನ್ನು ಬಿಲ್ ಹಾಕಿ ಕೊಡುತ್ತೇವೆ. 2018ರಿಂದ ಅಂಗಡಿಯ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಕೆಲಸವನ್ನು ನೋಡಿಕೊಳ್ಳುತ್ತಿರುವುದು ಇದೇ ಊರಿನ ಒಂದು ಸಣ್ಣ ತೆರಿಗೆ ಸಲಹಾ ಕಚೇರಿ. ನಡೆಸುವವರು ಒಬ್ಬರು, ಕೈಕೆಳಗೆ ಮೂವರು ಹುಡುಗರು. ವ್ಯಾಪಾರಿಗಳೆಲ್ಲ ಅವರನ್ನು ಆಡಿಟರೆಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಈ ವಿಮರ್ಶೆಯಲ್ಲಿ ತಪ್ಪುಗಳನ್ನೂ ಹೇಳಬೇಕಾಗಿರುವುದರಿಂದ ಕಚೇರಿಯ ಹೆಸರನ್ನು ಬರೆದಿಲ್ಲ.

ವ್ಯಾಪಾರ ಚೆನ್ನಾಗಿದ್ದಾಗ ಆಡಿಟರೆಂದರೆ ತಿಂಗಳಿಗೊಮ್ಮೆ ಬಿಲ್ಲಿನ ಕಟ್ಟು ಕೊಟ್ಟು ಬರುವ ಜಾಗವಷ್ಟೇ ಆಗಿತ್ತು. ಅವರ ಕೆಲಸದ ಬೆಲೆ ನನಗೆ ತಿಳಿದದ್ದು 2020ರಲ್ಲಿ. ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಮದುವೆ ಕಾಲಕ್ಕೆಂದು ತರಿಸಿದ ಮಾಲು ಅಟ್ಟದವರೆಗೂ ತುಂಬಿತ್ತು. ವಧೂವರರ ಹೆಸರು ಮತ್ತು ಮದುವೆಯ ತಾರೀಖು ಕೆತ್ತಿಟ್ಟಿದ್ದ ಹದಿನೆಂಟು ಹಿತ್ತಾಳೆ ಚೊಂಬುಗಳು ಕೌಂಟರಿನ ಕೆಳಗೇ ಉಳಿದವು. ಆ ಮದುವೆ ಮುಂದಕ್ಕೆ ಹೋಗಿ, ತಾರೀಖು ಬದಲಾಗಿ, ಕೊನೆಗೆ ಊಟಕ್ಕೆ ಐವತ್ತು ಜನರೂ ಸೇರದೆ ಮುಗಿಯಿತು. ಹೆಸರು ಕೆತ್ತಿದ ಪಾತ್ರೆಯನ್ನು ಬೇರೆಯವರಿಗೆ ಮಾರುವಂತಿಲ್ಲ. ಹಿಂದಿನ ವರ್ಷ ಸುಮಾರು 68 ಲಕ್ಷವಿದ್ದ ವಹಿವಾಟು ಆ ವರ್ಷ 34 ಲಕ್ಷಕ್ಕೆ ಇಳಿಯಿತು.

ಆಗ ನಮ್ಮ ಬೀದಿಯ ಅಂಗಡಿಯವರೆಲ್ಲ ಆಡುತ್ತಿದ್ದ ಮಾತು ಒಂದೇ: ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಗೆ ಹೋಗಿಬಿಡೋಣ. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿರುವ ವ್ಯಾಪಾರಿ ಈ ಪದ್ಧತಿಯಲ್ಲಿ ವಹಿವಾಟಿನ ಮೇಲೆ ಶೇಕಡ 1ರಷ್ಟು ತೆರಿಗೆ ಕಟ್ಟಿದರೆ ಸಾಕು, ಮೂರು ತಿಂಗಳಿಗೊಮ್ಮೆ ಒಂದು ಚಲನ್. ಕೋವಿಡ್ ಕಾರಣಕ್ಕೆ ಆ ವರ್ಷ ಅರ್ಜಿ ಹಾಕಲು ಜೂನ್ 30ರವರೆಗೆ ಸಮಯವೂ ಸಿಕ್ಕಿತ್ತು. ನಾನು ಮನಸ್ಸು ಮಾಡಿಕೊಂಡೇ ಕಚೇರಿಗೆ ಹೋಗಿದ್ದೆ. ಆಡಿಟರು ಬೇಡವೆಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು, "ಯಜಮಾನ್ರೇ, ಅಟ್ಟದ ಮೇಲಿರೋ ಮಾಲು ಎಷ್ಟು ಹೇಳಿ" ಎಂದು ಕೇಳಿದರು.

ಖರೀದಿ ಬೆಲೆಯಲ್ಲಿ 18 ಲಕ್ಷದ ದಾಸ್ತಾನಿತ್ತು. ಆಗ ನಮ್ಮ ಪಾತ್ರೆಗಳಿಗೆ ಶೇಕಡ 12 ಜಿಎಸ್‌ಟಿ ಇದ್ದುದರಿಂದ ಆ ಮಾಲಿನ ಮೇಲೆ ಪಡೆದಿದ್ದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ತೆರಿಗೆ, 2 ಲಕ್ಷ 16 ಸಾವಿರ. ಕಾಂಪೊಸಿಷನ್‌ಗೆ ಹೋಗುವ ಹಿಂದಿನ ದಿನ ಕೈಯಲ್ಲಿರುವ ದಾಸ್ತಾನಿನ ಕ್ರೆಡಿಟ್ಟನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕು. ನಮ್ಮ ಕ್ರೆಡಿಟ್ ಲೆಡ್ಜರಿನಲ್ಲಿ ಬಳಸದೆ ಉಳಿದಿದ್ದದ್ದು 90 ಸಾವಿರ. ಹಾಗಾಗಿ 1 ಲಕ್ಷ 26 ಸಾವಿರವನ್ನು ನಗದಾಗಿ ಕಟ್ಟಬೇಕಿತ್ತು. ಮುಂದೆ ಆ ಮಾಲನ್ನು ಮಾರುವಾಗ ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಕಟ್ಟುವ ಪ್ರಮೇಯವಿಲ್ಲದ್ದರಿಂದ ಈ ಹಣ ಪೂರ್ತಿ ನಷ್ಟವೇನೂ ಅಲ್ಲ, ನಿಧಾನಕ್ಕೆ ಬೆಲೆಯಲ್ಲಿ ಹಿಂದಿರುಗುತ್ತದೆ ಎಂಬುದನ್ನೂ ಅವರು ಪ್ರಾಮಾಣಿಕವಾಗಿ ತಿಳಿಸಿದರು. ಆದರೆ ಬಾಡಿಗೆ ಕೊಡಲು ಹೆಂಡತಿಯ ಚೀಟಿ ಹಣ ಎತ್ತಿದ್ದ ಜೂನ್ ತಿಂಗಳಿನಲ್ಲಿ ಅಷ್ಟು ದುಡ್ಡನ್ನು ತರುವುದಾದರೂ ಎಲ್ಲಿಂದ? ಅದೂ ಅಲ್ಲದೆ ಕಾಂಪೊಸಿಷನ್ ವ್ಯಾಪಾರಿ ತೆರಿಗೆ ತೋರಿಸಿದ ಬಿಲ್ ಕೊಡುವಂತಿಲ್ಲ. ತಮ್ಮ ಖರೀದಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುವ ಗಿರಾಕಿಗಳು ಅದು ಸಿಗದೆ ಬೇರೆ ಅಂಗಡಿ ಹುಡುಕಿಕೊಳ್ಳುತ್ತಿದ್ದರು. ಆ ಹಾಳೆಯನ್ನು ನಾನು ಇಂದಿಗೂ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಅರ್ಜಿ ಹಾಕಿಸಿದ್ದರೆ ಅವರಿಗೆ ಆ ದಿನವೇ ಶುಲ್ಕ ಸಿಗುತ್ತಿತ್ತು, ಮುಂದಿನ ಕೆಲಸವೂ ಹಗುರವಾಗುತ್ತಿತ್ತು. ಅವರು ನೋಡಿದ್ದು ನಮ್ಮ ಕೈಯಲ್ಲಿರುವ ಹಣವನ್ನು. ತೆರಿಗೆ ಎಷ್ಟು ಎಂಬುದಕ್ಕಿಂತ ಅದು ಯಾವ ದಿನ ಕೈಬಿಡುತ್ತದೆ ಎಂಬುದೇ ಸಣ್ಣ ಅಂಗಡಿಯನ್ನು ಉಳಿಸುತ್ತದೆ ಅಥವಾ ಮುಳುಗಿಸುತ್ತದೆ ಎಂಬುದನ್ನು ನಾನು ಅಂದು ಕಲಿತೆ.

ಎರಡನೆಯ ಸಂಗತಿ ಉದ್ರಿಯದು. ಫೆಬ್ರವರಿ 12ರ ತಾರೀಖಿನ ಒಂದು ದೊಡ್ಡ ಖರೀದಿ ಬಿಲ್ಲಿನ ಹಣವನ್ನು ನಾವು ಸಗಟು ವ್ಯಾಪಾರಿಗೆ ಕೊಟ್ಟಿರಲಿಲ್ಲ. ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ ಅದರ ಮೇಲೆ ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು, ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಈ ನಿಯಮ ನನಗೆ ಗೊತ್ತೇ ಇರಲಿಲ್ಲ. ಜುಲೈ ಮೊದಲ ವಾರದಲ್ಲಿ ಕಚೇರಿಯ ಹುಡುಗ ಫೋನ್ ಮಾಡಿ, ಆಗಸ್ಟ್ 10ಕ್ಕೆ ಗಡುವು ಮುಗಿಯುತ್ತದೆ ಎಂದು ಎಚ್ಚರಿಸಿದ. ಅದೇ ಸಮಯಕ್ಕೆ ಕೇಂದ್ರ ಸರ್ಕಾರದ ತುರ್ತು ಸಾಲ ಖಾತರಿ ಯೋಜನೆ ಬಂದಿತ್ತು: 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇಕಡ 20ರಷ್ಟು ಹೆಚ್ಚುವರಿ ಸಾಲ, ಹೊಸ ಅಡಮಾನವಿಲ್ಲ, ಬ್ಯಾಂಕಿನ ಬಡ್ಡಿ ಶೇಕಡ 9.25ನ್ನು ಮೀರುವಂತಿಲ್ಲ, ಮೊದಲ ವರ್ಷ ಅಸಲಿನ ಕಂತಿಲ್ಲ. ನಮಗೆ ಬಾಕಿಯಿದ್ದದ್ದು 10 ಲಕ್ಷ, ಸಿಕ್ಕಿದ್ದು 2 ಲಕ್ಷ. ಬ್ಯಾಂಕಿಗೆ ಬೇಕಾದ ಕಾಗದಗಳನ್ನು ಆಡಿಟರೇ ಜೋಡಿಸಿಕೊಟ್ಟು, ಈ ಹಣದಿಂದ ಹೊಸ ಮಾಲು ತರಬೇಡಿ, ಮೊದಲು ಆ ಬಿಲ್ ತೀರಿಸಿ ಎಂದರು. ಹಾಗೆಯೇ ಮಾಡಿದೆವು. ಸಗಟು ವ್ಯಾಪಾರಿಯ ವಿಶ್ವಾಸವೂ ಉಳಿಯಿತು; ಮುಂದಿನ ದೀಪಾವಳಿಗೆ ಅವರೇ ಕರೆದು ಉದ್ರಿ ಮಾಲು ಕೊಟ್ಟರು.

ಅಂಗಡಿ ಮುಚ್ಚಿದ್ದ ಏಪ್ರಿಲ್ ತಿಂಗಳಿಗೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕೆಂದು ಪಟ್ಟು ಹಿಡಿದು ಸಲ್ಲಿಸಿದವರು ಅವರು. ವ್ಯಾಪಾರವಿಲ್ಲದ ಮೇಲೆ ರಿಟರ್ನ್ ಯಾಕೆ ಎಂದು ಬಿಟ್ಟವರಿಗೆ, ಆರು ತಿಂಗಳು ಸತತವಾಗಿ ಸಲ್ಲಿಸದಿದ್ದರೆ ನೋಂದಣಿಯೇ ರದ್ದಾಗುವ ಅಪಾಯವಿತ್ತು. ಆ ಹದಿನೆಂಟು ಚೊಂಬುಗಳ ವಿಷಯದಲ್ಲೂ ಅವರ ಮಾತು ಉಪಯೋಗಕ್ಕೆ ಬಂತು: ಹಾಳಾಯಿತೆಂದು ಲೆಕ್ಕದಿಂದ ಹೊಡೆದುಹಾಕಿದರೆ ಅದರ ಇನ್‌ಪುಟ್ ಹಿಂದಿರುಗಿಸಬೇಕು, ಗುಜರಿಗೆ ಬಿಲ್ ಹಾಕಿ ಮಾರಿದರೆ ಬೇಕಿಲ್ಲ. ಗುಜರಿಗೆ ಹಾಕುವಾಗ ಮನಸ್ಸಿಗೆ ಬಹಳ ನೋವಾಯಿತು. ಎರಡನ್ನು ಮಾತ್ರ ಆ ದಂಪತಿಗೇ ಉಡುಗೊರೆಯಾಗಿ ಕೊಟ್ಟೆವು, ಆ ಎರಡರ ಕ್ರೆಡಿಟ್ ಹಿಂದಿರುಗಿಸಿದೆವು.

ಆದಾಯ ತೆರಿಗೆಯಲ್ಲಿ ಆಗ ನಾವಿದ್ದದ್ದು ಕಾಯ್ದೆಯ 44ಎಡಿ ಸೆಕ್ಷನ್ ಅಡಿಯಲ್ಲಿ, ಅಂದರೆ ನಗದು ವಹಿವಾಟಿಗೆ ಶೇಕಡ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇಕಡ 6 ಲಾಭವೆಂದು ಅಂದಾಜು ತೋರಿಸುವ ಕ್ರಮ. ಆ ವರ್ಷ ನಿಜಕ್ಕೂ ಸುಮಾರು 40 ಸಾವಿರ ನಷ್ಟವಾಗಿತ್ತು. ನಷ್ಟವನ್ನೇ ತೋರಿಸೋಣ ಎಂದು ನನ್ನ ಹಟ. ಆದರೆ ಒಮ್ಮೆ ಹೊರಬಂದರೆ ಮುಂದಿನ ಐದು ವರ್ಷ ಈ ಸೌಲಭ್ಯಕ್ಕೆ ಮರಳುವಂತಿಲ್ಲ. ಅಂದಾಜಿನ ಪ್ರಕಾರ ಆದಾಯ 2 ಲಕ್ಷ 44 ಸಾವಿರ, ಆಗಿನ ವಿನಾಯಿತಿ ಮಿತಿ ಎರಡೂವರೆ ಲಕ್ಷ, ಕಟ್ಟಬೇಕಾದ ತೆರಿಗೆ ಸೊನ್ನೆ. ನನ್ನ ಹಟ ಅಲ್ಲಿಗೆ ಮುಗಿಯಿತು.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಲೇಬೇಕು. ಪ್ರತಿ ತಿಂಗಳು 8ರಿಂದ 20ರವರೆಗೆ ಆ ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಫೋನನ್ನು ಯಾರೂ ಎತ್ತುವುದಿಲ್ಲ. 2022ರಲ್ಲಿ ಒಂದು ದೊಡ್ಡ ತಪ್ಪೇ ಆಯಿತು. ಆ ವರ್ಷದ ಜನವರಿಯಿಂದ, ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿ ಜಿಎಸ್‌ಟಿ ಪೋರ್ಟಲಿನಲ್ಲಿ ನಮ್ಮ ಖರೀದಿಯ 2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಬಿಲ್ಲಿಗೆ ಮಾತ್ರ ಕ್ರೆಡಿಟ್ ಎಂಬ ನಿಯಮ ಬಂದಿತ್ತು. ಕಚೇರಿಯ ಹುಡುಗ ಪಟ್ಟಿ ತಾಳೆ ನೋಡದೆ 14,600 ರೂಪಾಯಿ ಕ್ರೆಡಿಟ್ ಪಡೆದುಬಿಟ್ಟಿದ್ದ. ಎರಡು ತಿಂಗಳ ಮೇಲೆ ಗೊತ್ತಾಗಿ, ವರ್ಷಕ್ಕೆ ಶೇಕಡ 18ರ ಲೆಕ್ಕದಲ್ಲಿ ಬಡ್ಡಿ ಸೇರಿಸಿ ಹಿಂದಿರುಗಿಸಿದೆವು. ಬಡ್ಡಿ ನಾನೂರು ಚಿಲ್ಲರೆ ರೂಪಾಯಿಯಷ್ಟೇ, ಆಡಿಟರು ತಪ್ಪೊಪ್ಪಿಕೊಂಡು ಅದನ್ನು ತಮ್ಮ ಶುಲ್ಕದಲ್ಲಿ ಕಳೆದರು. ಆದರೂ ಆ ತಿಂಗಳು ನೆಮ್ಮದಿಯ ನಿದ್ದೆ ಬರಲಿಲ್ಲ. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ: ತಿಂಗಳ ಕೊನೆಗೆ ಕೊಡುವ ಲೆಕ್ಕದ ಸಾರಾಂಶ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಗಲ್ಲಾದಲ್ಲಿ ಕೂರುವವಳು ನನ್ನ ಹೆಂಡತಿ, ದುಡ್ಡಿನ ಹರಿವು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಓದಿ ಪ್ರಶ್ನೆ ಕೇಳುವಂತೆ ಅರ್ಧ ಪುಟ ಕನ್ನಡದಲ್ಲಿ ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೂ ಆಗಿಲ್ಲ.

ಶುಲ್ಕ ತಿಂಗಳಿಗೆ 1,000 ರೂಪಾಯಿ, ವಾರ್ಷಿಕ ಆದಾಯ ತೆರಿಗೆ ರಿಟರ್ನಿಗೆ ಬೇರೆ 2,500. ಇದಕ್ಕಿಂತ ಕಡಿಮೆಗೆ ಮಾಡಿಕೊಡುವವರು ಊರಿನಲ್ಲಿದ್ದಾರೆ. ಆದರೆ ನೋಂದಣಿಗೆ ನಮ್ಮದೇ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಡಿಸಿ, ಪಾಸ್‌ವರ್ಡನ್ನು ನಮ್ಮ ಕೈಯಲ್ಲೇ ಬಿಟ್ಟು, ಕಟ್ಟಿದ ಪ್ರತಿ ಚಲನ್ನಿನ ಪ್ರತಿಯನ್ನು ಅದೇ ದಿನ ಕಳಿಸುವವರು ಕಡಿಮೆ. ಆಡಿಟರ ಫೋನಿಗೇ ಎಲ್ಲ ಸಂದೇಶ ಹೋಗುವಂತೆ ಬಿಟ್ಟಿದ್ದ ಪರಿಚಿತರೊಬ್ಬರಿಗೆ ನೋಟಿಸ್ ಬಂದ ಸುದ್ದಿ ತಲುಪಿದ್ದು ಗಡುವು ದಾಟಿದ ಮೇಲೆ. ನೀವು ಯಾರ ಹತ್ತಿರ ಹೋದರೂ ಮೊದಲು ಇದನ್ನು ಪರೀಕ್ಷಿಸಿ.

ಈ ಕಚೇರಿಗೆ ಹೋಗುವ ಮನಸ್ಸಿದ್ದರೆ ತಿಂಗಳ 22ರ ನಂತರ ಹೋಗಿ. ಖರೀದಿ ಬಿಲ್ಲುಗಳ ಜೊತೆಗೆ ಕೊಡಬೇಕಾದ ಬಾಕಿಯ ಪಟ್ಟಿಯನ್ನೂ ತಾರೀಖು ಸಮೇತ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.