ಸಂಪಾಜೆ ಘಾಟಿ ಗೊತ್ತಿಲ್ಲದ ಲೋಡ್ ಆ್ಯಪ್

ಕುಶಾಲನಗರದಲ್ಲಿ ನನ್ನದೊಂದು ಆರು ಚಕ್ರದ ಲಾರಿ ಇದೆ. ಓನರ್ ನಾನೇ, ಡ್ರೈವರ್ರೂ ನಾನೇ. ಲೋಡ್ ಹುಡುಕುವ ಈ ಆ್ಯಪ್ ಹಾಕಿಕೊಂಡು ಮೂರ್ನಾಲ್ಕು ವರ್ಷವಾಯಿತು. ಆರ್‌ಸಿ ಫೋಟೋ ಹಾಕೋದು, ಲೋಡ್ ಹಿಡಿಯೋದು ಎಲ್ಲ ನಿಮಗೆ ಗೊತ್ತಿರುತ್ತದೆ. ಬಾಡಿಗೆ ವಿಷಯಕ್ಕೇ ಬರುತ್ತೇನೆ.

ಪ್ರತಿ ಲೋಡಿನ ಪಕ್ಕ ಅದು ಒಂದು ಮಾರ್ಕೆಟ್ ರೇಟ್ ತೋರಿಸುತ್ತದೆ. ಬರೀ ಕಿಲೋಮೀಟರ್ ನೋಡಿ ಹಾಕಿದ ರೇಟು. ಮಂಡ್ಯ, ಮೈಸೂರು ಕಡೆ ಅದು ನಡೆಯುತ್ತದೆ. ನಮ್ಮ ಕಡೆ ನಡೆಯಲ್ಲ. ಕುಶಾಲನಗರದಿಂದ ಬೆಂಗಳೂರು ಸುಮಾರು 225 ಕಿ.ಮೀ., ಮಂಗಳೂರು 165ರ ಆಸುಪಾಸು. ಹತ್ತಿರ ಅಂತ ಮಂಗಳೂರಿಗೆ ಕಡಿಮೆ ಬಾಡಿಗೆ. ಆದರೆ ಬೆಂಗಳೂರು ದಾರಿಯಲ್ಲಿ ನನ್ನ ಗಾಡಿ ಲೀಟರ್‌ಗೆ ಐದು ಕಿ.ಮೀ. ಕೊಡುತ್ತದೆ. ಹೋಗಿ ಬರಲು 90 ಲೀಟರ್. ಮಂಗಳೂರಿಗೆ ಇಳಿಯುವ ಸಂಪಾಜೆ ಘಾಟಿಯಲ್ಲಿ ನಾಲ್ಕು ಸಿಕ್ಕರೆ ಪುಣ್ಯ. ಹೋಗಿ ಬರಲು 82 ಲೀಟರ್ ಬೇಕು. ಅಷ್ಟು ಕಿಲೋಮೀಟರ್ ಕಡಿಮೆಯಾಗಿ ಉಳಿದದ್ದು ಎಂಟೇ ಲೀಟರ್! ಬ್ರೇಕ್ ಲೈನರ್, ಕ್ಲಚ್ ಸವೆಯೋದು ಬೇರೆ. ಬೆಂಗಳೂರು ಕಡೆ ಟೋಲ್ ಇದೆ ನಿಜ. ಅದು ಎಷ್ಟು ಅಂತ ಮೊದಲೇ ಗೊತ್ತಿರುವುದರಿಂದ ಬಾಡಿಗೆಗೆ ಸೇರಿಸಿಬಿಡಬಹುದು.

ಇನ್ನೂ ತಮಾಷೆ ಅಂದರೆ, ಹೋಗುವುದಕ್ಕೂ ಬರುವುದಕ್ಕೂ ಒಂದೇ ರೇಟು. ಮಂಗಳೂರು ಕಡಲ ದಡ, ಮಡಿಕೇರಿ ಸಾವಿರ ಮೀಟರ್‌ಗೂ ಮೇಲೆ. ಕಾಫಿ ಮೂಟೆ ಹೇರಿಕೊಂಡು ಇಳಿಯೋದೂ ಮಂಗಳೂರಿನ ಪಣಂಬೂರಿನಿಂದ ಗೊಬ್ಬರ ಹೇರಿಕೊಂಡು ಹತ್ತೋದೂ ಒಂದೇನಾ?

ಮಳೆಗಾಲದ ಮಾತೇ ಬೇಡ. 2024ರ ಜುಲೈನಲ್ಲಿ ಇದೇ ದಾರಿಯ ಕರ್ತೋಜಿ ಹತ್ತಿರ ರಸ್ತೆ ಬಿರುಕು ಬಿಟ್ಟು ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು. ರೇಟು ಮಾತ್ರ ಒಂದು ರೂಪಾಯಿ ಅಲುಗಲಿಲ್ಲ. 2025ರ ಏಪ್ರಿಲ್ 1ಕ್ಕೆ ರಾಜ್ಯದ ತೆರಿಗೆಯಿಂದ ಡೀಸೆಲ್ ಲೀಟರ್‌ಗೆ ₹2 ಏರಿತು. ಆವತ್ತೂ ಅದೇ ಕಥೆ.

ಇಷ್ಟೆಲ್ಲ ಬೈದರೂ ಬೆಳಿಗ್ಗೆ ಮೊದಲು ತೆಗೆಯೋದು ಇದನ್ನೇ. ಹಾಲು ಹಾಕದ ಬೆಲ್ಲದ ಕಾಪಿ, ಲೋಟ ಕ್ಯಾಬಿನ್ನಿನ ಬಾನೆಟ್ ಮೇಲೆ, ಫೋನು ಸ್ಟೀರಿಂಗಿಗೆ ಒರಗಿಸಿ. ತೊಡೆ ಮೇಲೆ ಡೈರಿ. ಎಡಗಡೆ ಡೀಸೆಲ್, ಟೋಲ್, ಬಾಟಾ, ಹಮಾಲಿ. ಬಲಗಡೆ ಟೈರು, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ವರ್ಷದ ಖರ್ಚನ್ನು ಟ್ರಿಪ್ಪಿಗೆ ಇಷ್ಟು ಅಂತ ಒಡೆದು. ಕಾಪಿ ಮುಗಿಯೋದರೊಳಗೆ ನನ್ನ ರೇಟು ರೆಡಿ. ಆಮೇಲೆ ಆ್ಯಪ್‌ನಲ್ಲಿ ನೋಡೋದು ಒಂದೇ: ಮಂಗಳೂರಿಂದ ಕೊಡಗಿನ ಕಡೆ ಇವತ್ತು ಎಷ್ಟು ಲೋಡ್ ಇದೆ? ಜಾಸ್ತಿ ಇದ್ದರೆ ಕಾಫಿ ವ್ಯಾಪಾರಿಗೆ ಸ್ವಲ್ಪ ಇಳಿಸಿ ಹೇಳುತ್ತೇನೆ. ಇಲ್ಲದಿದ್ದರೆ ಖಾಲಿ ಬರುವ ಡೀಸೆಲ್ಲೂ ಅವರ ಲೆಕ್ಕಕ್ಕೇ.

ಇದೊಂದು ದೊಡ್ಡ ಉಪಕಾರ. ಮೊದಲು ಮಂಗಳೂರಿನ ಬೈಕಂಪಾಡಿಯಲ್ಲಿ ಲಾರಿ ನಿಲ್ಲಿಸಿಕೊಂಡು ಬ್ರೋಕರ್ ಫೋನಿಗೆ ಕಾಯಬೇಕಿತ್ತು. "ಲೋಡೇ ಇಲ್ಲ ಅಣ್ಣ, ಬೇಕಾದ್ರೆ ಈ ರೇಟಿಗೆ ತಕೊಳ್ಳಿ" ಅಂದರೆ ನಂಬಲೇಬೇಕು. ಈಗ ಲೋಡ್ ಇದೆಯೋ ಇಲ್ಲವೋ ನನ್ನ ಕಣ್ಣಿಗೇ ಕಾಣುತ್ತದೆ. ಸುಮ್ನೆ ಕಾಯೋದು ತಪ್ಪಿತು.

ಹಾಲ್ಟಿಂಗ್, ಅಂದರೆ ಲಾರಿ ಕಾಯಿಸಿದ್ದಕ್ಕೆ ಕೊಡುವ ದುಡ್ಡಿನ ವಿಷಯದಲ್ಲಿ ಮಾತ್ರ ಆ್ಯಪ್‌ನವರನ್ನು ನಂಬಬೇಡಿ. ಗೋಡೌನಿನಲ್ಲಿ ರಾತ್ರಿಯಿಡೀ ಲೋಡ್ ಇಳಿಸದೆ ನಿಲ್ಲಿಸಿದಾಗ ಫೋನ್ ಮಾಡಿದರೆ "ನೋಡ್ತೀವಿ ಸರ್" ಅಂದವರು ಇನ್ನೂ ನೋಡುತ್ತಲೇ ಇದ್ದಾರೆ. ಲೋಡ್ ಒಪ್ಪುವ ಮೊದಲೇ ಪಾರ್ಟಿಗೆ ಮೆಸೇಜ್ ಹಾಕಿ: ಎರಡನೇ ದಿನದಿಂದ ಹಾಲ್ಟಿಂಗ್ ಬೇರೆ. ಹಾಗೇ, ಹತ್ತು ಲಾರಿ ಮೀರದವರು ಪ್ಯಾನ್ ನಂಬರ್ ಜೊತೆ ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವ ಹಾಗಿಲ್ಲ. ಕೇಳಿದವರಿಗೆ ಮಾತ್ರ ಇದನ್ನು ಹೇಳುತ್ತಾರೆ.

ನನ್ನ ಲಾರಿ ಕಂತು ಮುಗಿದಿದೆ, ಹಾಗಾಗಿ ರೇಟು ಸರಿಯಿಲ್ಲದಿದ್ದರೆ ಬೇಡ ಅನ್ನುತ್ತೇನೆ. ಕಂತು ಕಟ್ಟುವವರು ಎಷ್ಟು ಸಲ ಬೇಡ ಅಂದಾರು? ಅವರು ಆ ಕಮ್ಮಿ ರೇಟಿಗೇ ಹೋಗುತ್ತಾರೆ. ಮಾರನೇ ದಿನ ಅದೇ ಮಾರ್ಕೆಟ್ ರೇಟ್ ಅಂತ ನಮಗೆಲ್ಲ ತೋರಿಸುತ್ತಾರೆ. ಐದಕ್ಕೆ ಮೂರು ಸ್ಟಾರ್. ರಿಟರ್ನ್ ಲೋಡ್ ತೋರಿಸದಿದ್ದರೆ ಒಂದೇ ಕೊಡುತ್ತಿದ್ದೆ.