ಡೇಟಾ ಸೆಂಟರ್‌ಗೆ ಯಾವ ನೀರಿನ ಷರತ್ತು: ಮಿತಿಯೋ, ಸಂಸ್ಕರಿಸಿದ ನೀರೋ?

ಮೈಸೂರಿನಲ್ಲಿ ದೊಡ್ಡ ಡೇಟಾ ಸೆಂಟರ್‌ಗೆ ಅನುಮತಿ ಕೊಡುವವರ ಮುಂದೆ ಎರಡು ದಾರಿ: ಕಾವೇರಿ, ಕಬಿನಿ ನೀರಿಗೆ ಮಿತಿ ಹಾಕುವುದು, ಇಲ್ಲವೇ ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸಿ ಎನ್ನುವುದು.

ಮೊದಲು ಲೆಕ್ಕ. ಕಂಪ್ಯೂಟರ್‌ಗಳ ಶಾಖವನ್ನು ನೀರು ಆವಿ ಮಾಡಿ ಹೊರಹಾಕುವ ಕೂಲಿಂಗ್ ಟವರ್, 1 ಮೆಗಾವ್ಯಾಟ್ ಶಾಖಕ್ಕೆ ದಿನಕ್ಕೆ ಸುಮಾರು 36,000 ಲೀಟರ್ ನೀರನ್ನು ಆವಿ ಮಾಡುತ್ತದೆ. ಲವಣ ಕಟ್ಟದಂತೆ ಹೊರಬಿಡುವ ನೀರು ಬೇರೆ. ಲವಣ ನಾಲ್ಕು ಪಟ್ಟಾಗುವವರೆಗೆ ಅದೇ ನೀರನ್ನು ತಿರುಗಿಸಿದರೆ ಹೊರಬಿಡುವುದು 12,000 ಲೀಟರ್. ಎರಡೇ ಪಟ್ಟಿಗೆ ನಿಲ್ಲಿಸಿದರೆ 36,000.

ಮಿತಿ ಜಾರಿಗೆ ಸುಲಭ. ಆದರೆ ಅದನ್ನು ವರ್ಷದ ಸರಾಸರಿಗೆ ಹಾಕಬಾರದು. ಊರಿಗೆ ನೀರಿಲ್ಲದ ಏಪ್ರಿಲ್‌ನಲ್ಲೇ ಟವರ್‌ಗೆ ಬಾಯಾರಿಕೆ ಜಾಸ್ತಿ. ದಿನದ ಮಿತಿ ಬೇಕು. ಬೋರ್‌ವೆಲ್‌ಗೂ ಮೀಟರ್ ಬೇಕು, ಇಲ್ಲದಿದ್ದರೆ ಮಿತಿ ಬರೀ ಕಾಗದದ ಮೇಲೆ.

ಸಂಸ್ಕರಿಸಿದ ನೀರಿಗೆ ವಿದ್ಯಾರಣ್ಯಪುರಂ, ಕೆಸರೆ ಘಟಕಗಳಿವೆ. ಸಾಮಾನ್ಯ ಸಂಸ್ಕರಣೆ ಮಾತ್ರ ಸಾಲದು. ಉಳಿದ ಅಮೋನಿಯಾ ತಾಮ್ರದ ಕೊಳವೆಯನ್ನು ತಿನ್ನುತ್ತದೆ. ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕೊಳವೆಯೊಳಗೆ ಬಿಳಿ ಪದರ ಕಟ್ಟಿ ಶಾಖ ದಾಟದಂತೆ ಮಾಡುತ್ತದೆ. ಇವನ್ನು ತೆಗೆಯುವ ಮೂರನೇ ಹಂತದ ಸಂಸ್ಕರಣೆ, ಪ್ರತ್ಯೇಕ ಪೈಪ್‌ಲೈನ್ ಖರ್ಚು ಕಂಪನಿಯದೇ ಆಗಬೇಕು.

ಟವರ್ ಬದಲು ಗಾಳಿಯಿಂದ ತಂಪಾಗುವ ಚಿಲ್ಲರ್ (ತಂಪು ಮಾಡುವ ಯಂತ್ರ) ಹಾಕಿದರೆ ನೀರು ಹೆಚ್ಚುಕಡಿಮೆ ಬೇಡ, ಆದರೆ ಕರೆಂಟ್ ಜಾಸ್ತಿ.

ನಮ್ಮ ಆಯ್ಕೆ ಸಂಸ್ಕರಿಸಿದ ನೀರು. ಘಟಕ ಕೆಟ್ಟ ದಿನ ನದಿ ನೀರಿಗೆ ಕೈಹಾಕದಂತೆ ಮೂರು ದಿನದ ಶೇಖರಣಾ ತೊಟ್ಟಿಯನ್ನೂ ಷರತ್ತಿನಲ್ಲೇ ಬರೆಯಿರಿ.